ಪ್ರಶ್ನಾವಳಿ ಹಿಡಿದು ಯಾದಗಿರಿಗೆ ಬರುವವರಿಗೆ

ಬೇಸಿಗೆ ರಜೆ ಶುರುವಾಯಿತೆಂದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಗೆ ಸಂಶೋಧಕರು ಬರುತ್ತಾರೆ. ಕೈಯಲ್ಲಿ ನಲವತ್ತು ಪ್ರಶ್ನೆಗಳ ಝೆರಾಕ್ಸ್ ಹಾಳೆ. ಅಗಸಿಯ ಬಳಿ ಯಾರದೋ ಮನೆಯಿಂದ ಕುರ್ಚಿ ತರಿಸಿ ಕೂರುತ್ತಾರೆ. ಊರವರು ಕಟ್ಟೆಯ ಮೇಲೆ. ‘ಕುಡಿಯುವ ನೀರಿನ ಸೌಲಭ್ಯ ಇದೆಯೇ?’ ‘ಹೌದ್ರಿ.’ ‘ಮಕ್ಕಳು ಶಾಲೆಗೆ ಹೋಗುತ್ತಾರೆಯೇ?’ ‘ಹೋಗ್ತಾವ್ರಿ.’ ಸಂಜೆಯೊಳಗೆ ಐವತ್ತು ಹಾಳೆ ತುಂಬುತ್ತವೆ. ಒಂದೆರಡು ವರ್ಷದಲ್ಲಿ ಅದು ‘ಗುಣಾತ್ಮಕ ಅಧ್ಯಯನ’ವೆಂಬ ಹೆಸರು ಹೊತ್ತು, ರಟ್ಟು ಕಟ್ಟಿಸಿಕೊಂಡು ವಿಶ್ವವಿದ್ಯಾಲಯದ ಕಪಾಟು ಸೇರುತ್ತದೆ.

ಇದಕ್ಕೆ ನಮ್ಮ ತಕರಾರಿದೆ. ನಾವು ಈ ಭಾಗದವರು. ಕಟ್ಟೆಯ ಮೇಲೂ ಕೂತವರು, ಓದಿಕೊಂಡ ಮೇಲೆ ಆ ಕುರ್ಚಿಯ ಮೇಲೂ ಕೂತವರು. ಹಾಗಾಗಿ ಈ ಮಾತಿನಲ್ಲಿ ನಮ್ಮ ತಪ್ಪೊಪ್ಪಿಗೆಯೂ ಸೇರಿದೆ.

ಅಂಕಿಸಂಖ್ಯೆ ಬೇಡವೆಂದು ನಾವು ಹೇಳುತ್ತಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳಿಂದ ಅಳೆದು, ಅಂದಿನ ನಮ್ಮ ಮೂರೂ ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದ’ 39ರ ಪಟ್ಟಿಗೆ ಸೇರಿಸಿತು. ಆಗಿನ ಹೈದರಾಬಾದ್ ಕರ್ನಾಟಕದ ಬೇಡಿಕೆಗಳಿಗೆ ಅದರಿಂದ ತೂಕ ಬಂತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಈ ಅಂಕಿ ಎಷ್ಟು ಎಂಬುದನ್ನು ಹೇಳುತ್ತದೆ. ಏಕೆ, ಹೇಗೆ ಎಂಬುದು ಅದರ ಕೆಲಸವಲ್ಲ. ಆ ಕೆಲಸಕ್ಕೆಂದೇ ಇರುವ ಗುಣಾತ್ಮಕ ವಿಧಾನವೂ ಹೌದು-ಇಲ್ಲಗಳ ಹಾಳೆಯಾಗಿಬಿಟ್ಟರೆ ಉತ್ತರಿಸುವವರಾರು?

ಆ ‘ಹೋಗ್ತಾವ್ರಿ’ಯನ್ನೇ ತೆಗೆದುಕೊಳ್ಳಿ. ತಾಯಿ ಸುಳ್ಳು ಹೇಳಿಲ್ಲ. ಊರಲ್ಲಿದ್ದಾಗ ಮಕ್ಕಳು ಹೋಗುತ್ತವೆ, ಹಾಜರಿ ಪುಸ್ತಕದಲ್ಲಿ ಹೆಸರೂ ಇದೆ. ಹತ್ತಿ ಬಿಡಿಸುವ ಕಾಲ ಬಂದರೆ ಹುಡುಗಿ ಹೊಲದಲ್ಲಿರುತ್ತಾಳೆ. ಮನೆಮಂದಿ ಬೆಂಗಳೂರಿಗೋ ಪುಣೆಗೋ ಗುಳೆ ಹೊರಟರೆ ತಮ್ಮನನ್ನು ನೋಡಿಕೊಳ್ಳಲು ಅವಳೂ ಹೊರಡುತ್ತಾಳೆ. ಇದನ್ನು ತಿಳಿಯಲು ಪ್ರಶ್ನೆಯನ್ನು ಬಿಚ್ಚಿ ಕೇಳಬೇಕು: ‘ಹೋದ ವರ್ಷ ದೀಪಾವಳಿಯಿಂದ ಯುಗಾದಿ ತನಕ ಮಗಳು ಏನೇನು ಮಾಡಿದಳವ್ವಾ?’ ಕೇಳಿ ಸುಮ್ಮನಿರಬೇಕು. ‘ಹೌದ್ರಿ’ ಎಂಬುದೂ ಎಷ್ಟೋ ಸಲ ಉತ್ತರವೇ ಅಲ್ಲ. ಅದು ದೊಡ್ಡವರೆದುರಿನ ಮರ್ಯಾದೆ, ಇಲ್ಲವೇ ರೇಷನ್ ಕಾರ್ಡು ರದ್ದಾದೀತೆಂಬ ಭಯ. ಕುರ್ಚಿಯಲ್ಲಿ ಕೂತವನಿಗೆ ಈ ವ್ಯತ್ಯಾಸ ಕೇಳಿಸುವುದಿಲ್ಲ.

ಯುಜಿಸಿ 2009ರ ನಿಯಮಾವಳಿಯಲ್ಲಿ ಪಿಎಚ್.ಡಿ.ಗೆ ಸಂಶೋಧನಾ ವಿಧಾನದ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. ಅಲ್ಲಿಂದ ಎಲ್ಲರೂ ಆ ಪತ್ರಿಕೆ ಪಾಸಾಗಿದ್ದೇವೆ. ‘ಸಹಭಾಗಿ ಅವಲೋಕನ ಎಂದರೇನು? ವಿವರಿಸಿ’ ಎಂದರೆ ಎರಡು ಪುಟ ಬರೆಯಬಲ್ಲೆವು. ಒಂದು ಹಳ್ಳಿಯಲ್ಲಿ ಎರಡು ರಾತ್ರಿ ಕಳೆದವರು ನಮ್ಮಲ್ಲಿ ಎಷ್ಟು ಜನ?

ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದರು. ಅದಕ್ಕೆ ‘ರಾಂಪುರ’ವೆಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಅಷ್ಟು ದಿನ ಇದ್ದದ್ದರಿಂದಲೇ ನೆನಪಿಗಾದರೂ ಅಷ್ಟು ಉಳಿದಿತ್ತು. ಅವರಿಗೂ ಮಿತಿಯಿತ್ತು. ಊರ ಮುಖ್ಯಸ್ಥರ ಆಸರೆಯಲ್ಲಿದ್ದ ಅವರಿಗೆ ದಲಿತರ ಕೇರಿಯಿಂದ ಊರು ಹೇಗೆ ಕಾಣುತ್ತದೆಂಬುದು ಅಷ್ಟಾಗಿ ಸಿಗಲಿಲ್ಲ, ಆ ಕೊರತೆಯನ್ನು ಅವರೇ ಒಪ್ಪಿಕೊಂಡರು. ಸಂಶೋಧಕ ಎಲ್ಲಿ ಇಳಿದುಕೊಂಡ, ಯಾರ ಮನೆಯಲ್ಲಿ ಉಂಡ ಎಂಬುದು ಈ ವಿಧಾನದಲ್ಲಿ ಮುಚ್ಚಿಡಬೇಕಾದ ಸಂಗತಿಯಲ್ಲ, ಬರೆಯಬೇಕಾದದ್ದು.

ಇನ್ನು ತಿಂಥಣಿಗೆ ಬನ್ನಿ. ಸುರಪುರ ಸೀಮೆಯಲ್ಲಿ, ಕೃಷ್ಣಾ ದಂಡೆಯ ಊರು. ವಿಶ್ವಕರ್ಮ ಕುಲದಲ್ಲಿ ಹುಟ್ಟಿದ ಮೌನೇಶ್ವರನನ್ನು ಭಕ್ತರು ಮೋನಪ್ಪಯ್ಯ ಎನ್ನುತ್ತಾರೆ, ಮೌನುದ್ದೀನ್ ಎಂದೂ ಕೂಗುತ್ತಾರೆ. ಅಲ್ಲಿ ಜಾತ್ರೆಗೆ ಬಂದವರ ಮುಂದೆ ‘ಧರ್ಮ: ಹಿಂದೂ / ಮುಸ್ಲಿಂ / ಇತರೆ, ಸರಿಯಾದುದಕ್ಕೆ ಗುರುತು ಹಾಕಿ’ ಎಂಬ ಹಾಳೆ ಹಿಡಿದರೆ, ನಿಮಗೆ ಸಿಗುವುದು ನಿಮ್ಮದೇ ಮನೆಯಿಂದ ತಂದ ಉತ್ತರ. 1911ರ ಜನಗಣತಿಯಲ್ಲಿ ಮುಂಬೈ ಪ್ರಾಂತ್ಯದ ಅಧಿಕಾರಿ ಗುಜರಾತಿನ ಸುಮಾರು ಎರಡು ಲಕ್ಷ ಜನರನ್ನು ‘ಹಿಂದೂ-ಮಹಮದೀಯರು’ ಎಂದು ದಾಖಲಿಸಿದಾಗ ಮೇಲಿನವರಿಗೆ ಅದು ಸರಿಬರಲಿಲ್ಲ. ಖಾನೆಗೆ ಹೊಂದದವರನ್ನು ಯಾವುದಾದರೊಂದು ಖಾನೆಗೆ ನೂಕುವುದು ಸರ್ಕಾರಕ್ಕೆ ಅಭ್ಯಾಸ. ಸಂಶೋಧಕನೂ ಅದನ್ನೇ ಮಾಡಿದರೆ, ನಾಳೆ ಈ ಜಾಗ ಯಾರದೆಂಬ ಜಗಳ ಹುಟ್ಟಿದಾಗ ಅವನ ಪ್ರಬಂಧವೇ ಸಾಕ್ಷಿಯಾದೀತು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ 1998ರಲ್ಲೇ ಬಂದಿದೆ. ಜನರು ತಮ್ಮ ಗುರುವನ್ನು ಏನೆಂದು ಕರೆಯುತ್ತಾರೋ ಅಲ್ಲಿಂದಲೇ ಶುರು ಮಾಡುವುದು ಹೇಗೆಂದು ಅದನ್ನು ಓದಿಯಾದರೂ ಕಲಿಯಬಹುದಿತ್ತು.

ಸುರಪುರದ ಚರಿತ್ರೆಯಲ್ಲಿ ಇನ್ನೊಂದು ಬಗೆಯ ಸೋಮಾರಿತನವಿದೆ. 1841ರಲ್ಲಿ ಬಂದ ಮೆಡೋಸ್ ಟೇಲರ್ ಇಲ್ಲಿ ಹನ್ನೆರಡು ವರ್ಷ ಆಡಳಿತ ನೋಡಿಕೊಂಡ. ಬಾಲಕ ರಾಜಾ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರನೇ ಬರೆದುಕೊಂಡಿದ್ದಾನೆ. ಅವನ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು. ಅದರಲ್ಲಿ ನೋಟವಿದೆ, ಪ್ರೀತಿಯೂ ಇದೆ. ಆದರೆ ಅವನು ಕಂಪನಿ ಸರ್ಕಾರದ ಪರವಾಗಿ ಬಂದವನು. 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತು ಸೆರೆಸಿಕ್ಕ ವೆಂಕಟಪ್ಪ ನಾಯಕ, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡಿನಿಂದ ಸತ್ತ. ಆ ಗುಂಡು ಹಾರಿದಾಗ ಟೇಲರ್ ಅಲ್ಲಿರಲಿಲ್ಲ. ಹಾಗಿದ್ದೂ ಅವನ ಪುಟಗಳನ್ನು ಅನುವಾದಿಸಿಟ್ಟು ‘ಆಕರ’ ಎನ್ನುವವರು, ಬೇಡ ಮನೆತನಗಳ ಹಿರಿಯರ ನೆನಪನ್ನು ‘ದಂತಕಥೆ’ ಎಂದು ಪಕ್ಕಕ್ಕಿಡುತ್ತಾರೆ. ನೆನಪೆಲ್ಲ ನಿಜವೆಂದು ನಮ್ಮ ವಾದವಲ್ಲ. ಟೇಲರನ ಪುಸ್ತಕ, ಸರ್ಕಾರಿ ಪತ್ರ, ಊರ ನೆನಪು ಮೂರನ್ನೂ ಎದುರುಬದುರು ಇಟ್ಟು ತಾಳೆ ನೋಡಬೇಕು. ತಾಳೆಯಾಗದ ಕಡೆ ಯಾರಿಗೆ ಏನನ್ನು ಮರೆಸಬೇಕಿತ್ತು ಎಂದು ಕೇಳಬೇಕು.

‘ಎಷ್ಟು ಜನರನ್ನು ಕೇಳಿದರೆ ಸಾಕು?’ ಎಂದು ಕಿರಿಯರು ನಮ್ಮನ್ನು ಕೇಳುತ್ತಾರೆ. ಐವತ್ತು, ನೂರು ಎಂಬ ಲೆಕ್ಕ ಇಲ್ಲಿಲ್ಲ. ಹೊಸ ಮಾತು ಬರುವುದು ನಿಲ್ಲುವ ತನಕ ಕೇಳಬೇಕು. ನಿಮ್ಮ ತೀರ್ಮಾನವನ್ನು ಸುಳ್ಳು ಮಾಡಬಲ್ಲವರನ್ನು ಹುಡುಕಿಕೊಂಡು ಹೋಗಿ ಕೇಳಬೇಕು. ಗಂಡಸರ ಎದುರು ಸುಮ್ಮನಿದ್ದ ಹೆಣ್ಣುಮಗಳನ್ನು ಅವಳಿಗೆ ಬಿಡುವಾದಾಗ, ಅವಳು ಒಪ್ಪಿದರೆ ಕೇಳಬೇಕು. ಅವಳ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದದೆ ಬರೆದುಕೊಳ್ಳಬೇಕು. ಬರೆದದ್ದನ್ನು ಅವಳಿಗೇ ಓದಿ ಹೇಳಬೇಕು, ‘ಇದು ಬ್ಯಾಡ್ರಿ’ ಎಂದರೆ ತೆಗೆಯಬೇಕು.

ಒಮ್ಮೆ ಹಾಳೆ ತುಂಬಿಸಿ ಏಳುತ್ತಿದ್ದ ನಮ್ಮನ್ನು ಅಜ್ಜಿಯೊಬ್ಬಳು ತಡೆದಳು: ‘ನೀವು ಕೇಳಿದ್ದು ಮುಗೀತಲ್ಲ ತಮ್ಮಾ, ಇದನ್ನ ಬರದು ಏನ್ ಮಾಡ್ತೀರಿ?’ ನಾವು ಗಡಿಯಾರ ನೋಡಿಕೊಂಡೆವು. ಆ ಪ್ರಬಂಧಕ್ಕೆ ಪದವಿ ಬಂತು. ಅದರ ಒಂದು ಪ್ರತಿ ಅವಳ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಇನ್ನೂ ಹೋಗಿಲ್ಲ.