ಸುತ್ತಿಗೆಯ ನಗೆ
ಹೆಂಡತಿ ಮಾಡಿದ ಮೈಸೂರು ಪಾಕನ್ನು ಗಂಡ ಸುತ್ತಿಗೆಯಿಂದ ಒಡೆಯುವ ವ್ಯಂಗ್ಯಚಿತ್ರ ನೋಡಿ ನೋಡಿ ನನಗೆ ಸಾಕಾಗಿದೆ. ನಗು ಬರುವುದಿಲ್ಲ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ನಾಲ್ವಡಿಯವರಿಗೆ ಇದನ್ನು ಮಾಡಿ ಬಡಿಸಿದರಂತೆ; ಅವರ ಹೆಸರು ಉಳಿಯಿತು, ಸಂತೋಷ. ನಮ್ಮ ಪಾಲಿಗೆ ಸುತ್ತಿಗೆಯೇ ಏಕೆ?

ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ. ಒಂದೆಳೆ ಪಾಕಕ್ಕೆ ಹಿಟ್ಟು ಉದುರಿಸಿ, ಪಕ್ಕದ ಒಲೆಯಲ್ಲಿ ಕಾಯುತ್ತಿರುವ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯುತ್ತ ಬಿಡದೆ ಕೈಯಾಡಿಸಬೇಕು. ತುಪ್ಪ ಚೆನ್ನಾಗಿ ಕಾದಿದ್ದರೇ ಹಿಟ್ಟು ನೊರೆಯುಕ್ಕಿ ಗೂಡುಗೂಡಾಗುವುದು. ಇಳಿಸುವುದು ಅರೆನಿಮಿಷ ತಡವಾಯಿತೋ, ಗಟ್ಟಿ. ಸರಿಯಾಗಿ ಆ ಅರೆನಿಮಿಷದಲ್ಲೇ ‘ನನ್ನ ಟವೆಲ್ ಎಲ್ಲೇ?’ ಎಂದು ಬಚ್ಚಲಿನಿಂದ ಕೂಗುವವರು ಯಾರು, ನೀವೇ ಹೇಳಿ! ಆ ಚಿತ್ರವನ್ನು ಮಾತ್ರ ನಾನು ಯಾವ ವಿಶೇಷಾಂಕದಲ್ಲೂ ಕಂಡಿಲ್ಲ.

ಅಂಗಡಿಯ ಮೆತ್ತನೆಯದನ್ನು ಬಾಯಿಗಿಟ್ಟು ‘ಪಾಕ್ ಅಂದರೆ ಇದು’ ಎನ್ನುವವರು ಒಮ್ಮೆ ಸೌಟು ಹಿಡಿದು ಬಾಣಲೆಯ ಮುಂದೆ ನಿಲ್ಲಲಿ. ಟವೆಲ್ ಕೇಳಲು ನಾನಿದ್ದೇನೆ.