ದೋಣಿ ಹೇಳುವ ಊರು

ಒಗಟು ಹೇಳುವುದೂ ಬಿಡಿಸುವುದೂ ಕನ್ನಡ ನಾಡಿನ ಹಳೆಯ ವಿನೋದಗಳಲ್ಲೊಂದು. ವಸ್ತುವಿನ ಹೆಸರನ್ನು ಮುಚ್ಚಿಟ್ಟು ಅದರ ಲಕ್ಷಣಗಳನ್ನಷ್ಟೇ ಹೇಳಿದಾಗ, ಕೇಳಿದವನು ತಾನು ದಿನವೂ ಕಂಡದ್ದನ್ನೇ ಮತ್ತೊಮ್ಮೆ ಗಮನವಿಟ್ಟು ನೋಡಬೇಕಾಗುತ್ತದೆ. ಊರುಗಳ ವಿಷಯದಲ್ಲಿಯೂ ಇಂಥ ಒಗಟು ಸಾಧ್ಯ. ನೀರಿನ ದಡದಲ್ಲಿರುವ ಒಂದು ಊರಿನ ಹೆಸರನ್ನು ಹೇಳದೆ, ಅಲ್ಲಿಯ ದೋಣಿ ಹೇಗಿದೆ, ಅಲ್ಲಿ ಹಿಂದೆ ಏನು ನಡೆಯಿತು ಎಂಬ ಎರಡು ಸುಳಿವುಗಳನ್ನು ಮಾತ್ರ ಕೊಟ್ಟು ಊರು ಯಾವುದೆಂದು ಕೇಳಬಹುದು. ಶಾಸನವನ್ನೂ ನಾಣ್ಯವನ್ನೂ ಚರಿತ್ರೆಯ ಆಧಾರಗಳೆಂದು ಒಪ್ಪುವ ವಿದ್ಯಾವಂತರು ದೋಣಿಯನ್ನು ಮಾತ್ರ ಆ ಸಾಲಿನಿಂದ ಹೊರಗಿಟ್ಟಿದ್ದಾರೆ. ಅದು ಎಷ್ಟು ದೊಡ್ಡ ನಷ್ಟವೆಂಬುದು ಈ ಆಟದಲ್ಲಿ ಸ್ವಲ್ಪ ದೂರ ಹೋದವರಿಗೆ ತಾನಾಗಿ ತಿಳಿಯುತ್ತದೆ.

ಮೊದಲ ಒಗಟು ಹೀಗಿರಲಿ. ದೋಣಿ ದುಂಡಗಿದೆ, ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ್ದಾರೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕಿದಂತೆಲ್ಲ ಸುತ್ತುತ್ತಲೇ ಸಾಗುತ್ತದೆ. ಕನ್ನಡಿಗನಾದವನು ತಡಮಾಡದೆ, ಇದು ತುಂಗಭದ್ರೆಯ ಹರಿಗೋಲು, ಊರು ಹಂಪಿ ಎಂದು ಹೇಳಿಯಾನು. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನೂ ಈ ದೋಣಿಯನ್ನು ಬಣ್ಣಿಸಿದ್ದಾನೆ. ಅದರಲ್ಲಿ ಹದಿನೈದಿಪ್ಪತ್ತು ಜನ ಕೂರಬಹುದಾಗಿತ್ತು. ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದಾಗಿತ್ತು. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲವೆಂದು ಆತ ಬರೆದನು.

ಆದರೆ ಉತ್ತರ ಹೇಳಿದವನು ಅವಸರಪಟ್ಟಿದ್ದಾನೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಬ್ಯಾಬಿಲೋನ್ ನಗರಕ್ಕೆ ನದಿಯ ಮೇಲಿಂದ ಸರಕು ತರುತ್ತಿದ್ದ ದೋಣಿಗಳನ್ನು ಹೆಚ್ಚುಕಡಮೆ ಇದೇ ರೀತಿಯಲ್ಲಿ ವರ್ಣಿಸಿದ್ದಾನೆ: ಗುರಾಣಿಯಂತೆ ದುಂಡಗೆ, ಒಳಗೆ ಮರದ ಪಕ್ಕೆಗಳು, ಹೊರಗೆ ತೊಗಲು. ಬ್ರಿಟನ್ನಿನ ವೇಲ್ಸ್ ಪ್ರದೇಶದಲ್ಲಿ ಹರಿಯುವ ಟೈಫಿ ನದಿಯಲ್ಲಿಯೂ ಇವುಗಳ ಸೋದರಿಯಂತಿರುವ ಪುಟ್ಟ ದೋಣಿಯೊಂದುಂಟು. ಒಬ್ಬರನ್ನೊಬ್ಬರು ಕಾಣದ ಜನ, ಸಾವಿರಾರು ಮೈಲಿಗಳ ಅಂತರದಲ್ಲಿ, ಒಂದೇ ತೀರ್ಮಾನಕ್ಕೆ ಬಂದದ್ದು ಹೇಗೆ? ಹಂಪಿಯಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಹರಿಯುತ್ತದೆ. ಚೂಪು ಮೂತಿಯ ಮರದ ದೋಣಿ ಬಂಡೆಗೆ ತಾಗಿದರೆ ಸೀಳುತ್ತದೆ. ಹೆಣೆದ ಬುಟ್ಟಿ ಬಾಗಿ ಪಕ್ಕಕ್ಕೆ ಸರಿದುಕೊಳ್ಳುತ್ತದೆ. ಗೇಣುದ್ದ ನೀರಿದ್ದರೂ ಅದು ತೇಲುತ್ತದೆ. ದೊಡ್ಡ ಮರವಾಗಲಿ ಬಡಗಿಯಾಗಲಿ ಇಲ್ಲದ ಕಡೆಯಲ್ಲಿಯೂ ಅದನ್ನು ಮಾಡಿಕೊಳ್ಳಬಹುದು. ಹೀಗೆ ದೋಣಿಯ ಆಕಾರ ನೀರಿನ ಗುಣವನ್ನು ಹೇಳುತ್ತದೆಯೇ ಹೊರತು ಊರಿನ ಹೆಸರನ್ನು ಹೇಳುವುದಿಲ್ಲ.

ಹೆಸರು ತಿಳಿಯಬೇಕಾದರೆ ಎರಡನೆಯ ಸುಳಿವು ಬೇಕು. ದೋಣಿಯಲ್ಲಿ ಒಂದು ಕತ್ತೆ ನಿಂತಿದ್ದರೆ ಅದು ಬ್ಯಾಬಿಲೋನ್. ಅಲ್ಲಿಯ ಪ್ರವಾಹಕ್ಕೆ ಎದುರಾಗಿ ಹಿಂದಿರುಗುವುದು ಅಸಾಧ್ಯವಾಗಿದ್ದುದರಿಂದ ವರ್ತಕರು ಸರಕಿನ ಜೊತೆಗೆ ದೋಣಿಯ ಮರವನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಮನೆಗೆ ಮರಳುತ್ತಿದ್ದರು. ಒಬ್ಬನೇ ಮನುಷ್ಯ ದೋಣಿಯನ್ನು ಆಮೆಯ ಚಿಪ್ಪಿನಂತೆ ಬೆನ್ನಿಗೆ ಹೊತ್ತು ಮೀನು ಹಿಡಿಯಲು ನಡೆದಿದ್ದರೆ ಅದು ವೇಲ್ಸ್. ಕುದುರೆ ಹೊಳೆಯನ್ನು ದಾಟುತ್ತಿದ್ದರೆ ವಿಜಯನಗರವೆನ್ನಲು ಅಡ್ಡಿಯಿಲ್ಲ. ಆ ಸಾಮ್ರಾಜ್ಯದ ಸೈನ್ಯಕ್ಕಾಗಿ ಅರಬ್ಬೀ ಸಮುದ್ರವನ್ನು ದಾಟಿ ಬಂದ ಕುದುರೆಗಳು ಭಟ್ಕಳ, ಗೋವೆಗಳಲ್ಲಿ ಇಳಿಯುತ್ತಿದ್ದವು.

ಇನ್ನೊಂದು ಒಗಟು ಇದಕ್ಕಿಂತ ಸ್ವಾರಸ್ಯವಾದುದು. ದೋಣಿಗೆ ಹಲಗೆಗಳಿವೆ, ಆದರೆ ಒಂದು ಮೊಳೆಯೂ ಇಲ್ಲ. ಬಟ್ಟೆ ಹೊಲಿದಂತೆ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದಿದ್ದಾರೆ. ತೆಂಗು ಬೆಳೆಯುವ ಕರಾವಳಿಯೆಂಬುದು ಸ್ಪಷ್ಟ. ಆದರೆ ಅಂಥ ಕರಾವಳಿ ಬಹಳ ಉದ್ದವಾದುದು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಭಾರತ ಮತ್ತು ಯೆಮನ್ ದೇಶಗಳ ಹಡಗುಗಳನ್ನು ಹೀಗೆಯೇ ಹೊಲಿಯುತ್ತಿದ್ದರೆಂದೂ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿ ಒಡೆದರೆ ಹೊಲಿದದ್ದು ಬಳುಕಿ ಉಳಿಯುತ್ತದೆಂದೂ ಕಾರಣ ಕೊಡುತ್ತಾನೆ. ಈಗ ಊರಿನ ಚರಿತ್ರೆಯನ್ನು ಕೇಳಬೇಕು. ಅಲ್ಲಿ ಇಂಗ್ಲಿಷರು 1639ರಲ್ಲಿ ನೆಲೆಯೂರಿದರು, ವ್ಯಾಪಾರ ಬೆಳೆಯಿತು, ಆದರೆ ಹಡಗು ನಿಲ್ಲಲು ಸಹಜವಾದ ಬಂದರು ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ದಡದ ಅಲೆಗಳ ಹೊಡೆತವನ್ನು ತಾಳಿಕೊಂಡು ಜನರನ್ನೂ ಸರಕನ್ನೂ ಇಳಿಸುವ ಕೆಲಸವನ್ನು ಮಸೂಲಾ ಎಂಬ ಹೊಲಿದ ದೋಣಿಗಳೇ ಮಾಡಬೇಕಾಗಿತ್ತು. ಆ ಊರು ಅಂದಿನ ಮದರಾಸು, ಇಂದಿನ ಚೆನ್ನೈ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಕೃತಕ ಬಂದರು ಕಟ್ಟತೊಡಗಿದ ಮೇಲೆ ಮಸೂಲಾ ದೋಣಿಯ ಆ ಕೆಲಸ ಮುಗಿಯುತ್ತ ಬಂತು. ಇಂದು ಚೆನ್ನೈಯ ಹಡಗುಕಟ್ಟೆಗಳನ್ನು ನೋಡಿದವರಾರೂ ಅದು ಒಂದು ಕಾಲಕ್ಕೆ ಬಂದರಿಲ್ಲದ ರೇವುಪಟ್ಟಣವಾಗಿತ್ತೆಂದು ಊಹಿಸಲಾರರು. ದೋಣಿಯ ಹೊಲಿಗೆಯನ್ನು ಬಲ್ಲವನು ಊಹಿಸಬಲ್ಲನು.

ಕೆಲವು ಒಗಟುಗಳು ಸುಲಭ. ಕಪ್ಪು ಬಣ್ಣದ, ಸುಮಾರು ಹನ್ನೊಂದು ಮೀಟರ್ ಉದ್ದದ, ಒಂದೇ ಹುಟ್ಟಿನಿಂದ ನಡೆಯುವ, ಅದಕ್ಕಾಗಿಯೇ ಒಂದು ಪಕ್ಕವನ್ನು ಇನ್ನೊಂದಕ್ಕಿಂತ ಅಗಲವಾಗಿ ಬೇಕೆಂದೇ ಸೊಟ್ಟಗೆ ಕಟ್ಟಿದ ದೋಣಿಯೆಂದರೆ ಇಟಲಿಯ ವೆನಿಸ್ ನಗರ. ಅಂಬಿಗನು ನಿಂತು ಕಾಲಿನಿಂದ ಹುಟ್ಟು ಹಾಕುತ್ತಿದ್ದರೆ ಬರ್ಮಾ ದೇಶದ, ಎಂದರೆ ಮ್ಯಾನ್ಮಾರಿನ, ಇನ್ಲೆ ಸರೋವರ. ಜೊಂಡು ಬೆಳೆದ ಆ ನೀರಿನಲ್ಲಿ ಕುಳಿತವನಿಗೆ ದಾರಿ ಕಾಣದು.

ಕಣ್ಣನ್ನು ಮೋಸಗೊಳಿಸುವ ಸುಳಿವುಗಳೂ ಉಂಟು. ಕೋಣೆ, ಮಂಚ, ಅಡುಗೆಮನೆಗಳಿರುವ ದೋಣಿಮನೆ ಶ್ರೀನಗರದಲ್ಲಿಯೂ ಇದೆ, ಕೇರಳದ ಆಲಪ್ಪುಳದಲ್ಲಿಯೂ ಇದೆ. ಶ್ರೀನಗರದಲ್ಲಿ ಅದು ಹುಟ್ಟಿದ್ದು ಒಂದು ಕಾನೂನಿನ ಫಲವಾಗಿ: ಹೊರಗಿನವರು ಕಾಶ್ಮೀರದಲ್ಲಿ ಭೂಮಿ ಕೊಳ್ಳುವುದಕ್ಕೆ ಮಹಾರಾಜರ ಆಡಳಿತ ಅವಕಾಶ ಕೊಡದಿದ್ದಾಗ ಬೇಸಗೆ ಕಳೆಯಲು ಬಂದ ಇಂಗ್ಲಿಷರು ನೀರಿನ ಮೇಲೆ ಮನೆ ಮಾಡಿಕೊಂಡರು. ಆಲಪ್ಪುಳದ ದೋಣಿಮನೆಯಾದರೋ ಕುಟ್ಟನಾಡಿನ ಗದ್ದೆಗಳಿಂದ ಭತ್ತ ಅಕ್ಕಿಗಳನ್ನು ಹೊತ್ತು ತರುತ್ತಿದ್ದ ಕೆಟ್ಟುವಳ್ಳವೆಂಬ ಹೊಲಿದ ದೋಣಿ. ಲಾರಿಗಳು ಅದರ ಹೊರೆಯನ್ನು ಕಸಿದುಕೊಂಡ ಮೇಲೆ, 1990ರ ದಶಕದಿಂದೀಚೆಗೆ ಪ್ರವಾಸಿಗರಿಗಾಗಿ ಅದು ವೇಷ ಬದಲಾಯಿಸಿತು. ಇವೆರಡನ್ನೂ ಒಂದೇ ಜಾತಿಗೆ ಸೇರಿಸುವವನು ಚಿತ್ರವನ್ನು ಮಾತ್ರ ಕಂಡವನು.

ಈ ಆಟ ಇನ್ನೆಷ್ಟು ಕಾಲ ನಡೆದೀತು ಎಂಬ ಪ್ರಶ್ನೆಯೂ ಇದೆ. ಇಂದು ಕಡಲತೀರಗಳಲ್ಲೆಲ್ಲ ಫೈಬರ್ ದೋಣಿಗೆ ಯಂತ್ರ ಜೋಡಿಸಿದ ಒಂದೇ ರೂಪ ಕಾಣತೊಡಗಿದೆ. ಕನ್ನಡ ಕರಾವಳಿಯಲ್ಲಿ ಹತ್ತಾರು ಜನ ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯೂ, ಆ ಬಲೆಯನ್ನು ಬಿಡುತ್ತಿದ್ದ ದೊಡ್ಡ ದೋಣಿಗಳೂ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಹಿಂದೆ ಸರಿದವು. ಹಳೆಯ ದೋಣಿಯೇ ಚೆಂದ, ಅದನ್ನು ಬಿಡಬಾರದು ಎಂದು ಮೀನುಗಾರನಿಗೆ ಬುದ್ಧಿ ಹೇಳುವವರೂ ಇದ್ದಾರೆ. ಅದು ದಡದಲ್ಲಿ ನಿಂತವರ ಮಾತು. ಭಾರವಾದ ಮರದ ದೋಣಿಯನ್ನು ಮರಳಿನ ಮೇಲೆ ಎಳೆದು ಬೆನ್ನು ಮುರಿದುಕೊಂಡವನು ಹಗುರವಾದುದನ್ನು ಆರಿಸಿಕೊಂಡರೆ ಅವನನ್ನು ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅವನು ಬಿಟ್ಟುಕೊಟ್ಟ ದೋಣಿಯನ್ನು ಅಳೆದು, ಬರೆದು, ಅದರ ಒಂದೊಂದು ಅಂಗದ ಹೆಸರನ್ನು ಕೇಳಿ ಉಳಿಸಿಕೊಳ್ಳುವ ಹೊಣೆ ಅವನದಲ್ಲ, ವಿದ್ಯಾವಂತ ಸಮಾಜದ್ದು. ಆ ಹೊಣೆಯನ್ನು ಸಮಾಜ ಹೊತ್ತದ್ದು ಬಹಳ ಕಡಮೆ.

ಹೊರದಿದ್ದರೆ ಆಗುವುದೇನೆಂಬುದಕ್ಕೆ ಕಾರವಾರದಲ್ಲಿಯೇ ನಿದರ್ಶನವಿದೆ. 2025ರ ಮೇ ತಿಂಗಳಲ್ಲಿ ಭಾರತೀಯ ನೌಕಾದಳ ಅಲ್ಲಿ ಕೌಂಡಿನ್ಯವೆಂಬ ಹಾಯಿಹಡಗನ್ನು ಸೇರಿಸಿಕೊಂಡಿತು. ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು ಅದು. ಹಾಯಿಯ ಮೇಲೆ ಗಂಡಭೇರುಂಡವಿದೆ. ಪ್ರಾಚೀನ ಭಾರತದ ಅಂಥ ಹಡಗು ಒಂದಾದರೂ ಉಳಿದಿರಲಿಲ್ಲ, ನಕ್ಷೆಯೂ ಇರಲಿಲ್ಲ. ಅಜಂತೆಯ ಗುಹೆಯ ಗೋಡೆಯ ಮೇಲಿನ ಐದನೆಯ ಶತಮಾನದ ಒಂದು ವರ್ಣಚಿತ್ರವನ್ನು ನೋಡಿ, ಉದ್ದವೆಷ್ಟು, ಆಳವೆಷ್ಟು, ಹಾಯಿ ಎಂಥದು ಎಂಬುದನ್ನು ತಂತ್ರಜ್ಞರು ಊಹಿಸಬೇಕಾಯಿತು. ಹೊಲಿಗೆಯ ವಿದ್ಯೆ ಮಾತ್ರ ಕೇರಳದ ಕೆಲವು ಕುಶಲಕರ್ಮಿಗಳ ಕೈಯಲ್ಲಿ ಜೀವಂತವಾಗಿತ್ತು. ಅವರಿಲ್ಲದಿದ್ದರೆ ಚಿತ್ರ ಚಿತ್ರವಾಗಿಯೇ ಉಳಿಯುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕೌಂಡಿನ್ಯ ಪೋರ್‌ಬಂದರಿನಿಂದ ಮಸ್ಕತ್ತಿನ ಕಡೆಗೆ ಹಾಯಿ ಬಿಚ್ಚಿತು.

ಕನ್ನಡ ಕರಾವಳಿಯ ಅಳಿವೆಗಳಲ್ಲಿ ಒಬ್ಬಿಬ್ಬರು ಕುಳಿತು ಮೀನು ಹಿಡಿಯುವ ಪಾತಿದೋಣಿಗಳ ಚಿತ್ರವನ್ನು ಯಾವ ಗುಹೆಯ ಗೋಡೆಯ ಮೇಲೂ ಯಾರೂ ಬರೆದಿಲ್ಲ. ಯಾವ ಮರ, ಎಷ್ಟು ದಪ್ಪ, ಮೂತಿ ಎಷ್ಟು ಮೇಲೆ ಬಾಗಬೇಕು, ಯಾವ ಅಳಿವೆಯ ಅಲೆಗೆ ಎಷ್ಟು ಅಗಲ ಸಾಕು ಎಂಬ ಲೆಕ್ಕವೆಲ್ಲ ಊರಿನ ಮುದಿ ಬಡಗಿಯ ಮೊಳಕೈಯಲ್ಲಿಯೂ ಗೇಣಿನಲ್ಲಿಯೂ ಇದೆ. ಅದನ್ನು ಕೇಳಿ ಬರೆದುಕೊಳ್ಳಲು ಬೇಕಾದುದು ಒಂದು ನೋಟುಪುಸ್ತಕ, ಒಂದು ಅಳತೆಪಟ್ಟಿ, ಒಂದು ಬಿಡುವಿನ ಮಧ್ಯಾಹ್ನ.