ಅಜ್ಜಿಯ ಮಡಿಲಲ್ಲಿ ಕರು

ಹೋದ ಭಾನುವಾರ ನಮ್ಮ ಮನೆಯಲ್ಲಿ ಅಟ್ಟ ಗುಡಿಸುವ ಕೆಲಸ ನಡೆಯಿತು. ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಿ ಬಾಗಿಲು ತೆರೆದರೆ ನುಸಿಗುಳಿಗೆಯ ವಾಸನೆ. ಒಳಗೆ ಹಳೆಯ ಪಂಚಾಂಗಗಳು, ಹಿಡಿ ಮುರಿದ ಹಿತ್ತಾಳೆ ಸೌಟು, ಯಾರದೋ ಮದುವೆಯ ಆಹ್ವಾನ ಪತ್ರಿಕೆಗಳು. ಎಲ್ಲದರ ಅಡಿಯಲ್ಲಿ ಕಂದು ಬಣ್ಣದ ಚೀಲವೊಂದರಲ್ಲಿ ನನ್ನ ಹಳೆಯ ಕ್ಯಾಮೆರಾ.

ಏಳನೇ ತರಗತಿ ಓದುವ ನನ್ನ ಮೊಮ್ಮಗಳು ಪುಟ್ಟಿ ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ತಾತ, ಇದರ ಸ್ಕ್ರೀನ್ ಎಲ್ಲಿ?”

“ಇದಕ್ಕೆ ಸ್ಕ್ರೀನ್ ಇಲ್ಲ.”

“ಮತ್ತೆ ಫೋಟೋ ಚೆನ್ನಾಗಿ ಬಂತೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ?”

“ಹದಿನೈದು ದಿನ ಆದ ಮೇಲೆ ಗೊತ್ತಾಗುತ್ತೆ.”

ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಅವಳು ನಕ್ಕಳು. ಆದರೆ ಈ ಅಂಕಣ ಓದುವ ಅಜ್ಜ ಅಜ್ಜಿಯರಿಗೆ ಗೊತ್ತು, ಅದು ತಮಾಷೆಯಲ್ಲ.

ಅದು ಆಗ್ಫಾ ಕ್ಲಿಕ್ ಥ್ರೀ. ಒಂದು ಕಾಲದಲ್ಲಿ ನಮ್ಮ ದೇಶದ ಎಷ್ಟೋ ಮನೆಗಳಿಗೆ ಬಂದ ಮೊದಲ ಕ್ಯಾಮೆರಾ. 1976ರಲ್ಲಿ, ನಾನು ಎಂಟನೇ ತರಗತಿಯಲ್ಲಿದ್ದಾಗ, ನನ್ನ ಸೋದರಮಾವ ಇದನ್ನು ತಂದುಕೊಟ್ಟಿದ್ದರು. ಇದರಲ್ಲಿ ತಿರುಗಿಸುವಂಥದ್ದು ಹೆಚ್ಚೇನೂ ಇಲ್ಲ. ಬಿಸಿಲಿದ್ದರೆ ಸೂರ್ಯನ ಗುರುತು, ಮೋಡವಿದ್ದರೆ ಮೋಡದ ಗುರುತು. ಎಂಟು ಹತ್ತು ಅಡಿ ದೂರ ನಿಂತು ಗುಂಡಿ ಒತ್ತಿದರೆ ಆಯಿತು. ಹಿಂಬದಿಯಲ್ಲಿ ಒಂದು ಕೆಂಪು ಕಿಟಕಿ. ಒಂದು ಫೋಟೋ ತೆಗೆದ ಮೇಲೆ ಮೇಲಿನ ಗುಬುಟು ತಿರುಗಿಸಬೇಕು. ಆಗ ಒಳಗಿನ ಫಿಲ್ಮ್ ಮುಂದೆ ಸರಿದು, ಅದರ ಬೆನ್ನಿಗಿರುವ ಕಾಗದದ ಮೇಲಿನ ಮುಂದಿನ ಅಂಕಿ ಆ ಕೆಂಪು ಕಿಟಕಿಯಲ್ಲಿ ಕಾಣಿಸುತ್ತದೆ. ಒಂದರಿಂದ ಹನ್ನೆರಡರ ತನಕ. ಹದಿಮೂರನೆಯದು ಇಲ್ಲ.

ಹನ್ನೆರಡೇ ಫೋಟೋ, ಮಕ್ಕಳೇ! ಈಗ ನೀವು ಒಂದು ಬೆಕ್ಕಿನ ಮರಿಗೇ ಐವತ್ತು ಫೋಟೋ ತೆಗೆಯುತ್ತೀರಿ. ನಮಗೆ ಒಂದು ಫಿಲ್ಮ್ ಸುರುಳಿ ಯುಗಾದಿಯಿಂದ ದೀಪಾವಳಿಯವರೆಗೆ ಬರಬೇಕಿತ್ತು. ಆಗ ನಾವು ಕೊಳ್ಳುತ್ತಿದ್ದುದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್. ಇಂದು ಎಂದರೆ ಚಂದ್ರ ಅಂತಲೂ ಆಗುತ್ತದೆ, ಇವತ್ತು ಅಂತಲೂ ಆಗುತ್ತದೆ. ಕಪ್ಪು ಬಿಳುಪು ಫಿಲ್ಮಿಗೆ ಎರಡು ಅರ್ಥವೂ ಒಪ್ಪುವ ಹೆಸರು.

“ಫಿಲ್ಮ್ ಅಂದರೆ ಏನು ತಾತ? ಸಿನಿಮಾನಾ?” ಎಂದಳು ಪುಟ್ಟಿ.

ಫಿಲ್ಮ್ ಎಂದರೆ ಒಂದು ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಜೆಲಾಟಿನ್ ಎಂಬ ಅಂಟಿನ ಲೇಪ. ಆ ಅಂಟಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಲವಣದ ಹರಳುಗಳು. ಬೆಳಕು ಬಿದ್ದ ಹರಳು ಒಳಗೊಳಗೇ ಬದಲಾಗುತ್ತದೆ, ಆದರೆ ನೋಡಿದರೆ ಏನೂ ತಿಳಿಯುವುದಿಲ್ಲ. ಚಿತ್ರ ಅಲ್ಲಿದೆ, ಕಾಣುವುದಿಲ್ಲ, ಅಷ್ಟೆ. ಕತ್ತಲೆಯಲ್ಲಿ ಡೆವಲಪರ್ ಎಂಬ ರಾಸಾಯನಿಕದಲ್ಲಿ ಅದ್ದಿದಾಗ ಬೆಳಕು ಬಿದ್ದ ಹರಳುಗಳು ಕಪ್ಪು ಬೆಳ್ಳಿಯಾಗುತ್ತವೆ. ಆಮೇಲೆ ಹೈಪೋ ಎಂಬ ದ್ರಾವಣದಲ್ಲಿ ಅದ್ದಿದರೆ ಬೆಳಕು ಕಾಣದ ಹರಳುಗಳು ಕರಗಿ ಹೋಗುತ್ತವೆ. ಬೆಳಕಿದ್ದಲ್ಲಿ ಕಪ್ಪು, ಕತ್ತಲಿದ್ದಲ್ಲಿ ಬಿಳಿ. ಹೀಗೆ ಎಲ್ಲವೂ ತಿರುಗುಮುರುಗಾಗಿರುವುದರಿಂದ ಅದಕ್ಕೆ ನೆಗೆಟಿವ್ ಎಂದು ಹೆಸರು. ಅದನ್ನು ಕಾಗದದ ಮೇಲೆ ಅಚ್ಚು ಹಾಕಿದಾಗ ಮತ್ತೊಮ್ಮೆ ತಿರುಗುಮುರುಗಾಗಿ ಸರಿಯಾದ ಫೋಟೋ ಬರುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಪುಟ್ಟಿ ಟ್ರಂಕಿನಿಂದ ಇನ್ನೊಂದು ಲಕೋಟೆ ಎಳೆದು ತೆಗೆದಿದ್ದಳು. ನಾನು ಬೇಡ ಅನ್ನುವ ಮೊದಲೇ ಅದರೊಳಗಿನ ಫೋಟೋ ಅವಳ ಕೈಯಲ್ಲಿತ್ತು. ಈ ವಾರ ನಿಮಗೆ ಹೇಳಬೇಕೆಂದಿರುವುದು ಆ ಫೋಟೋದ ಕಥೆ.

ನನ್ನ ಅಜ್ಜಿ ಯಾವತ್ತೂ ಫೋಟೋ ತೆಗೆಸಿಕೊಂಡವಳಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಆ ಕಾಲದ ಹಳ್ಳಿಗಳಲ್ಲಿ ಇತ್ತು. ಚಿಕ್ಕಪ್ಪನ ಮದುವೆಯಲ್ಲಿ ಎಲ್ಲರೂ ಸಾಲಾಗಿ ನಿಂತಾಗಲೂ ಅವಳು ಅಡುಗೆಮನೆ ಬಿಟ್ಟು ಬಂದಿರಲಿಲ್ಲ. ಕ್ಯಾಮೆರಾ ಬಂದ ಮೇಲೆ ನಾನು ಅವಳ ಹಿಂದೆ ಬಿದ್ದೆ. ತಿಂಗಳುಗಟ್ಟಲೆ ಕಾಡಿದೆ. ಕೊನೆಗೆ ಒಂದು ಬೆಳಿಗ್ಗೆ, “ಆಯ್ತಪ್ಪ, ಒಂದೇ ಒಂದು. ಇನ್ನೊಂದು ಕೇಳಬಾರದು” ಎಂದು ಹಿತ್ತಲ ಮೆಟ್ಟಿಲ ಮೇಲೆ ಬಿಸಿಲಿಗೆ ಕುಳಿತಳು. ಕಡುಬಣ್ಣದ ಸೀರೆ, ಬಿಳಿಯ ತಲೆ, ಮಡಿಲಲ್ಲಿ ಎರಡು ಕೈ. ನಾನು ಉಸಿರು ಬಿಗಿ ಹಿಡಿದು ಗುಂಡಿ ಒತ್ತಿದೆ.

ಸಂತೋಷದಲ್ಲಿ ಗುಬುಟು ತಿರುಗಿಸುವುದನ್ನು ಮರೆತೆ.

ಅದೇ ಮಧ್ಯಾಹ್ನ ಕೊಟ್ಟಿಗೆಯ ಬಾಗಿಲಲ್ಲಿ ನಮ್ಮ ಬಿಳಿ ಕರು ನಿಂತಿತ್ತು. ಅದರದ್ದೂ ಒಂದು ತೆಗೆದೆ. ಕ್ಲಿಕ್ ಥ್ರೀಯಲ್ಲಿ ಫಿಲ್ಮ್ ಸುತ್ತುವುದು ಬೇರೆ ಕೆಲಸ, ಗುಂಡಿ ಒತ್ತುವುದು ಬೇರೆ ಕೆಲಸ. ಅದನ್ನು ನೆನಪಿಡಬೇಕಾದವನು ತೆಗೆಯುವವನು. ಹಾಗಾಗಿ ತಪ್ಪು ಕ್ಯಾಮೆರಾದ್ದಲ್ಲ, ಪೂರ್ತಿ ನನ್ನದೇ.

ಹದಿನೈದು ದಿನ ಕಳೆದು ತಾಲ್ಲೂಕಿನ ಸ್ಟುಡಿಯೋದಿಂದ ಲಕೋಟೆ ಬಂತು. ಹನ್ನೆರಡು ಫೋಟೋ ಇದ್ದವು. ಒಂದರಲ್ಲಿ ಅಜ್ಜಿ ಕುಳಿತಿದ್ದಾಳೆ, ಅವಳ ಸೀರೆಯೊಳಗೆ ಮಂಜಿನ ಹಾಗೆ ಕರು ನಿಂತಿದೆ. ಕರುವಿನ ಮೂತಿ ಅಜ್ಜಿಯ ಕೈ ನೆಕ್ಕುತ್ತಿರುವಂತೆ ಕಾಣುತ್ತದೆ.

ಅಪ್ಪ ಬೈದರು. ನಾನು ಅತ್ತೆ. ಅಜ್ಜಿ ಮಾತ್ರ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, “ಇದು ನನ್ನ ಮಡಿಲಿಗೆ ಯಾವಾಗ ಬಂತೋ!” ಎಂದು ನಕ್ಕಳು. ಇನ್ನೊಂದು ತೆಗೆಯಲಾ ಎಂದು ಕೇಳಿದೆ. ಕೊಟ್ಟ ಮಾತು ಮಾತೇ ಎಂದಳು. ಮುಂದಿನ ಮಳೆಗಾಲದಲ್ಲಿ ಅಜ್ಜಿ ತೀರಿಹೋದಳು. ಗೋಡೆಗೆ ಹಾಕಲು ಎಲ್ಲರೂ ಫೋಟೋ ಹುಡುಕಿದರು. ಆ ಒಂದರ ಹೊರತು ಬೇರೆ ಇರಲಿಲ್ಲ. ಕರು ಇರುವ ಫೋಟೋವನ್ನು ಹಾರ ಹಾಕಿ ಇಡುವುದು ಹೇಗೆ ಎಂದು ಯಾರೋ ಅಂದರು. ನಾನು ಅದನ್ನು ಲಕೋಟೆಗೆ ಹಾಕಿ ಮುಚ್ಚಿಟ್ಟೆ. ಅಜ್ಜಿಯ ಒಂದೇ ಫೋಟೋ ನನ್ನಿಂದ ಹಾಳಾಯಿತು ಎಂಬ ನಾಚಿಕೆ ಇಷ್ಟು ವರ್ಷವೂ ಹೋಗಿರಲಿಲ್ಲ.

ಪುಟ್ಟಿ ಕೇಳಿದ್ದೇ ಬೇರೆ. “ತಾತ, ಈ ಎಫೆಕ್ಟ್ ಹೇಗೆ ಮಾಡಿದೆ? ಯಾವ ಆ್ಯಪ್?”

ಮಾಡಿದ್ದಲ್ಲ, ಆಗಿದ್ದು ಎಂದೆ. ಆದರೆ ಅದು ಅಷ್ಟು ಚೆನ್ನಾಗಿ ಹೇಗೆ ಆಯಿತು ಎಂದು ಅವಳಿಗೆ ವಿವರಿಸುತ್ತಾ ಹೋದಾಗ ನನಗೂ ಮೊದಲ ಸಲ ಸರಿಯಾಗಿ ತಿಳಿಯಿತು. ಒಂದೇ ಫಿಲ್ಮ್ ಚೌಕದ ಮೇಲೆ ಎರಡು ಸಲ ಬೆಳಕು ಬಿಟ್ಟರೆ ಎರಡೂ ಬೆಳಕು ಕೂಡಿಕೊಳ್ಳುತ್ತವೆ. ಅಜ್ಜಿಯ ಸೀರೆ ಕಪ್ಪಾಗಿತ್ತು. ಅಲ್ಲಿನ ಹರಳುಗಳಿಗೆ ಹೆಚ್ಚು ಬೆಳಕು ತಾಗಿರಲಿಲ್ಲ, ಜಾಗ ಖಾಲಿ ಇತ್ತು. ಬಿಳಿ ಕರು ಬಂದು ಆ ಖಾಲಿ ಜಾಗದಲ್ಲಿ ನಿಂತಿತು. ಅಜ್ಜಿಯ ಮುಖ ಬಿಸಿಲಿನಲ್ಲಿ ಬೆಳಗಿತ್ತು. ಎರಡನೆಯ ಸಲ ಅದೇ ಜಾಗಕ್ಕೆ ಬಂದದ್ದು ಕೊಟ್ಟಿಗೆಯೊಳಗಿನ ಕತ್ತಲೆ. ಕತ್ತಲೆ ಯಾವ ಬೆಳಕನ್ನೂ ಸೇರಿಸುವುದಿಲ್ಲ, ಹಾಗಾಗಿ ಮುಖ ಹಾಗೆಯೇ ಉಳಿಯಿತು. ನಾನು ಕರುವನ್ನು ಕೊಟ್ಟಿಗೆಯ ಬಾಗಿಲಲ್ಲಿ ಅಲ್ಲದೆ ಬಯಲಿನಲ್ಲಿ, ಹಿಂದೆ ಆಕಾಶ ಬರುವಂತೆ ತೆಗೆದಿದ್ದರೆ, ಆ ಬಿಳಿ ಆಕಾಶ ಅಜ್ಜಿಯ ಮುಖವನ್ನೇ ಅಳಿಸಿಬಿಡುತ್ತಿತ್ತು.

ಈ ತಪ್ಪನ್ನು ಬೇಕೆಂದೇ ಮಾಡುವವರೂ ಇದ್ದರು. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಎಂಬ ಜಾದೂಗಾರ 1900ರಲ್ಲಿ ಒಂದು ಪುಟ್ಟ ಸಿನಿಮಾ ಮಾಡಿದ. ಅದರಲ್ಲಿ ಏಳು ಮಂದಿ ಸಾಲಾಗಿ ಕುಳಿತು ವಾದ್ಯ ನುಡಿಸುತ್ತಾರೆ. ಏಳು ಮಂದಿಯೂ ಅವನೇ! ಒಂದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಸುತ್ತಿ ಮತ್ತೆ ಮತ್ತೆ ಚಿತ್ರ ತೆಗೆದಿದ್ದ. ನಮ್ಮ ಡಾ. ರಾಜ್‌ಕುಮಾರ್ 1978ರ ‘ಶಂಕರ್ ಗುರು’ ಸಿನಿಮಾದಲ್ಲಿ ಮೂರು ಪಾತ್ರ ಮಾಡಿದಾಗ, ಒಬ್ಬರೇ ಮೂವರಾಗುವುದು ಹೇಗೆ ಎಂದು ನಮ್ಮೂರಿನ ಕಟ್ಟೆಯ ಮೇಲೆ ವಾರಗಟ್ಟಲೆ ಚರ್ಚೆ ನಡೆದಿತ್ತು.

ಅದರ ಸರಳ ಉಪಾಯವೊಂದನ್ನು ಆಮೇಲೆ ನಾನು ಕಲಿತೆ. ಕ್ಯಾಮೆರಾವನ್ನು ಅಲುಗಾಡದಂತೆ ಕಲ್ಲಿನ ಮೇಲೆ ಇಡಬೇಕು. ಕಪ್ಪು ರಟ್ಟಿನಿಂದ ಲೆನ್ಸಿನ ಬಲ ಅರ್ಧವನ್ನು ಮುಚ್ಚಿ ಒಂದು ಸಲ ಒತ್ತಬೇಕು. ಫಿಲ್ಮ್ ಸುತ್ತದೆ, ಎಡ ಅರ್ಧವನ್ನು ಮುಚ್ಚಿ ಇನ್ನೊಮ್ಮೆ ಒತ್ತಬೇಕು. ನಡುವೆ ಆಸಾಮಿ ಈ ಕಡೆಯಿಂದ ಆ ಕಡೆಗೆ ಓಡಿಹೋಗಿ ಕುಳಿತಿರಬೇಕು. ರಟ್ಟು ಲೆನ್ಸಿಗೆ ತೀರಾ ಹತ್ತಿರ ಇರುವುದರಿಂದ ಅದರ ಅಂಚು ಮಸುಕಾಗಿ, ಎರಡು ಚಿತ್ರಗಳ ಬೆಸುಗೆ ಕಾಣುವುದಿಲ್ಲ. ಹೀಗೆ ತೆಗೆದ ಫೋಟೋದಲ್ಲಿ ನನ್ನ ತಮ್ಮ ತನ್ನ ಜೊತೆ ತಾನೇ ಚೌಕಾಬಾರ ಆಡುತ್ತಿದ್ದಾನೆ. ಇಬ್ಬರಲ್ಲಿ ಯಾರು ಗೆದ್ದರು ಎಂದು ಕೇಳಿದರೆ ಈಗಲೂ ಅವನಿಗೆ ಸಿಟ್ಟು ಬರುತ್ತದೆ.

ಲೆನ್ಸಿನ ವಿಷಯಕ್ಕೆ ಬಂದರೆ, ನನ್ನ ಕ್ಯಾಮೆರಾಕ್ಕೆ ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ದಾಸವಾಳದ ಫೋಟೋ ತೆಗೆದರೆ ಕೆಂಡಸಂಪಿಗೆಯೋ ದಾಸವಾಳವೋ ತಿಳಿಯದಷ್ಟು ಮಸುಕು. ಸ್ಟುಡಿಯೋದವರು ಒಂದು ಗುಟ್ಟು ಹೇಳಿದರು. “ನಿಮ್ಮ ತಾತ ಓದಲು ಹಾಕಿಕೊಳ್ಳುವ ಕನ್ನಡಕವನ್ನು ಲೆನ್ಸಿನ ಮುಂದೆ ಹಿಡಿ.” ವಯಸ್ಸಾದವರ ಕಣ್ಣಿಗೂ ನನ್ನ ಕ್ಯಾಮೆರಾಕ್ಕೂ ಇದ್ದದ್ದು ಒಂದೇ ತೊಂದರೆ. ದೂರದ್ದು ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಆದ್ದರಿಂದ ಔಷಧವೂ ಒಂದೇ.

ಇದರಲ್ಲಿ ಒಂದು ಪುಟ್ಟ ಲೆಕ್ಕವಿದೆ. ಒಂದು ಮೀಟರನ್ನು ಕನ್ನಡಕದ ನಂಬರಿನಿಂದ ಭಾಗಿಸಿ. ಪ್ಲಸ್ ಎರಡಾದರೆ ಅರ್ಧ ಮೀಟರು. ಹೂವು ಲೆನ್ಸಿನಿಂದ ಸುಮಾರು ಅಷ್ಟು ದೂರದಲ್ಲಿದ್ದರೆ ಸ್ಪಷ್ಟವಾಗಿ ಬರುತ್ತದೆ. ನಾನು ಅಳತೆಗೆ ಒಂದು ದಾರ ಕಟ್ಟಿಕೊಂಡಿದ್ದೆ. ಒಂದು ಹೂವಿಗೆ ತಲೆಯೇ ಬರಲಿಲ್ಲ ಅನ್ನುವುದು ಬೇರೆ ಮಾತು. ನಾವು ಇಣುಕುವ ಕಿಂಡಿ ಲೆನ್ಸಿಗಿಂತ ಮೇಲಿರುತ್ತದೆ, ಹತ್ತಿರ ಹೋದಷ್ಟೂ ಕಿಂಡಿ ನೋಡಿದ್ದೇ ಬೇರೆ, ಲೆನ್ಸ್ ನೋಡಿದ್ದೇ ಬೇರೆ.

ಕ್ಯಾಮೆರಾ ಇಲ್ಲದಿದ್ದರೂ ಇದನ್ನು ನೀವು ಪರೀಕ್ಷಿಸಬಹುದು. ಹಗಲು ಹೊತ್ತಿನಲ್ಲಿ ಕೋಣೆಯ ಒಂದು ಕಿಟಕಿ ಬಿಟ್ಟು ಉಳಿದದ್ದನ್ನು ಮುಚ್ಚಿ. ಎದುರಿನ ಗೋಡೆಗೆ ಬಿಳಿ ಕಾಗದ ಅಂಟಿಸಿ. ಅಜ್ಜನ ಓದುವ ಕನ್ನಡಕವನ್ನೋ ಭೂತಗನ್ನಡಿಯನ್ನೋ ಕಾಗದದ ಮುಂದೆ ಹಿಡಿದು ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಕಿಟಕಿ, ಅದರಾಚೆಯ ತೆಂಗಿನಮರ, ತಂತಿಯ ಮೇಲಿನ ಬಟ್ಟೆ ಎಲ್ಲವೂ ತಲೆಕೆಳಗಾಗಿ, ಬಣ್ಣದಲ್ಲಿ ಕಾಗದದ ಮೇಲೆ ಮೂಡುತ್ತವೆ. ಎಲ್ಲ ಕ್ಯಾಮೆರಾದ ಒಳಗೂ ನಡೆಯುವುದು ಇಷ್ಟೇ. ದೂರದ್ದು ಕಾಣದ ಮಕ್ಕಳು ಹಾಕುವ ಮೈನಸ್ ಕನ್ನಡಕ ಹಿಡಿದರೆ ಚಿತ್ರ ಮೂಡುವುದಿಲ್ಲ. ಯಾಕೆ ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಿ. ಒಂದು ಎಚ್ಚರಿಕೆ: ಯಾವ ಲೆನ್ಸಿನಿಂದಲೂ ಸೂರ್ಯನನ್ನು ನೋಡಬೇಡಿ, ಬಿಸಿಲನ್ನು ಕಾಗದದ ಮೇಲೆ ಬಿಡಲೂಬೇಡಿ. ಕಣ್ಣೂ ಸುಡುತ್ತದೆ, ಕಾಗದವೂ ಸುಡುತ್ತದೆ.

ಈಗ ಆ ಟ್ರಂಕಿಗೆ ಹಿಂತಿರುಗೋಣ. ಅದರಲ್ಲಿ ಚಿಕ್ಕಪ್ಪನ ಮದುವೆಯ ದೊಡ್ಡ ಗುಂಪು ಫೋಟೋ ಕೂಡ ಇತ್ತು. ಸ್ಟುಡಿಯೋದವರು ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದದ್ದು. ಒಬ್ಬೊಬ್ಬರ ಕೋಟಿನ ಗುಂಡಿ ಕೂಡ ಎಣಿಸಬಹುದು. ಪುಟ್ಟಿ ಬೆರಳಿಟ್ಟು “ಇವರು ಯಾರು? ಇವರು ಯಾರು?” ಎಂದು ಕೇಳುತ್ತಾ ಹೋದಳು. ಇಪ್ಪತ್ತಮೂರು ಮಂದಿಯಲ್ಲಿ ಎಂಟು ಜನರ ಹೆಸರು ನನಗೆ ಹೇಳಲಾಗಲಿಲ್ಲ. ತಮ್ಮನಿಗೆ ಫೋನು ಮಾಡಿದೆ. ಅವನಿಗೆ ಇಬ್ಬರು ಗೊತ್ತು. ಉಳಿದ ಆರು ಜನರನ್ನು ಬಲ್ಲವರು ಈಗ ಯಾರೂ ಇಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಬಾಯಿ ತುಂಬಾ ನಗುತ್ತಿದ್ದಾಳೆ, ನಮ್ಮ ಮನೆಯವಳೇ ಇರಬೇಕು, ಮೂಗು ನನ್ನ ಅಪ್ಪನದೇ ಮೂಗು. ಹೆಸರಿಲ್ಲ.

ಅಜ್ಜಿಯ ಫೋಟೋವನ್ನು ಈಗಿನ ಫೋನಿನಲ್ಲಿ ತೆಗೆದಿದ್ದರೆ ಆ ಕ್ಷಣವೇ ಅಳಿಸಿ ಹಾಕುತ್ತಿದ್ದೆ. ಅಜ್ಜಿ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಅವಳ ಮುಖ ಪುಟ್ಟಿಗೆ ತಿಳಿಯುತ್ತಲೇ ಇರಲಿಲ್ಲ. ಅಳಿಸುವ ಗುಂಡಿ ಇಲ್ಲದ ಕ್ಯಾಮೆರಾ ನನ್ನ ತಪ್ಪನ್ನೂ ಉಳಿಸಿತು, ಅಜ್ಜಿಯನ್ನೂ ಉಳಿಸಿತು.

ಆದ್ದರಿಂದ ಈ ವಾರ ಎಲ್ಲರಿಗೂ ಕೆಲಸ. ಅಜ್ಜ ಅಜ್ಜಿಯರೇ, ನಿಮ್ಮ ಆಲ್ಬಂ ಕೆಳಗಿಳಿಸಿ. ಪ್ರತಿ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಹೆಸರು ಮತ್ತು ಊರು ಬರೆಯಿರಿ. ನೆಗೆಟಿವ್‌ಗಳಿದ್ದರೆ ಎಸೆಯಬೇಡಿ, ತೇವ ತಾಗಿದರೆ ಬೂಷ್ಟು ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒಣಗಿದ ಜಾಗದಲ್ಲಿಡಿ. ಮಕ್ಕಳೇ, ನೀವು ಪಕ್ಕದಲ್ಲಿ ಕುಳಿತು “ಇವರು ಯಾರು?” ಎಂದು ಕೇಳಿ. ಬೇಸರಪಡದೆ ಕೇಳಿ. ಮತ್ತೆ ನಿಮ್ಮ ಫೋನಿನಲ್ಲಿ ಮಸುಕಾಗಿ ಬಂದ ಫೋಟೋಗಳಲ್ಲಿ ಒಂದನ್ನಾದರೂ ಅಳಿಸದೆ ಇಟ್ಟುಕೊಳ್ಳಿ.

ಅಜ್ಜಿಯ ಫೋಟೋಗೆ ಮೊನ್ನೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದೆವು. ಹಿಂದೆ ಅಜ್ಜಿಯ ಹೆಸರು, ಇಸವಿ ಬರೆದೆ. ಪುಟ್ಟಿ ಪೆನ್ಸಿಲ್ ಕಿತ್ತುಕೊಂಡು, “ಕರುವಿನ ಹೆಸರು?” ಎಂದಳು.

ಗೌರಿ. ಅದನ್ನೂ ಬರೆದಿದ್ದೇವೆ.